ಖಾತಾ ಇಲ್ಲದ ನಿವಾಸಿಗಳ ಕುರಿತು ಬಹಿರಂಗ ಪತ್ರ

ಗೆ: ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಹಾಗೂ ಕೆಂಗೇರಿ ಉಪನಗರದ ಸಮಸ್ತ ಅಪಾರ್ಟ್‌ಮೆಂಟ್ ಮಾಲೀಕರ ಸಂಘಗಳು

ವಿಷಯ: ಸಜ್ಜಾದ ಅಡಿಯಲ್ಲಿ ಅನಧಿಕೃತವಾಗಿ ನೆಲೆಸಿರುವ ಹೆಜ್ಜೇನಿನ ತೆರವು

ಮಾನ್ಯರೇ,

ಹೆಜ್ಜೇನು ಪೆಟ್ಟಿಗೆಗೆ ಬಗ್ಗದ ಜೇನು. ಬಂಡೆಯ ಚಾಚು, ಎತ್ತರದ ಮರದ ಕೊಂಬೆ ಅದರ ಹಳೆಯ ವಿಳಾಸ; ಬಂಡೆ ಒಡೆದು ಮರ ಕಡಿದ ಊರಿನಲ್ಲಿ ಐದನೇ ಮಹಡಿಯ ಸಜ್ಜಾ, ನೀರಿನ ಟ್ಯಾಂಕಿನ ತಳವೇ ಈಗಿನ ವಿಳಾಸ. ಕಟ್ಟುವುದು ಒಂದೇ ಎರಿ. ಅದರ ಅಗಲ ಮೀಟರ್ ದಾಟುವುದೂ ಉಂಟು. ಎ ಖಾತಾ ಇಲ್ಲ, ಬಿ ಖಾತಾವೂ ಇಲ್ಲ, ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟಿಲ್ಲ, ಮೇಂಟೆನೆನ್ಸ್ ಬಾಕಿ ಬಡ್ಡಿ ಸಮೇತ ಬೆಳೆಯುತ್ತಿದೆ. ಸಂಘಗಳ ದೂರಿನಲ್ಲಿ ಇಷ್ಟು ಅಂಶ ನಿರ್ವಿವಾದ.

ಖಾಲಿ ಮಾಡುವುದಿಲ್ಲ ಎಂಬ ಆರೋಪ ಮಾತ್ರ ನಿಲ್ಲದು. ಹೆಜ್ಜೇನು ವಲಸೆ ಜೀವಿ. ಹೂವಿನ ಕಾಲಕ್ಕೆ ಬರುತ್ತದೆ. ಬೀದಿಯ ಹೊಂಗೆ, ಜ್ಞಾನಭಾರತಿ ಆವರಣದ ಮರಗಳು, ತುರಹಳ್ಳಿ ಕಾಡಿನ ಮೇವು ತೀರಿದರೆ ಎರಿ ಬಿಟ್ಟು ಹೊರಡುತ್ತದೆ. ಹನ್ನೊಂದು ತಿಂಗಳ ಕರಾರಿನ ಅವಧಿಯನ್ನೂ ಪೂರೈಸದ ಇಂಥ ಬಾಡಿಗೆದಾರರು ಪಶ್ಚಿಮ ಬೆಂಗಳೂರಿನಲ್ಲಿ ಅಪರೂಪ. ಕೊಂಬೆಗೆ ಜೋತುಬಿದ್ದ ಎರಿಯಿಲ್ಲದ ಗುಂಪಂತೂ ಸಾಮಾನ್ಯವಾಗಿ ಕೆಲವೇ ದಿನಗಳ ಅತಿಥಿ.

ಸಂಘಗಳ ಭಯ ಸುಳ್ಳಲ್ಲ. ಹೆಜ್ಜೇನು ಕೆರಳಿದರೆ ಜೀವಕ್ಕೇ ಅಪಾಯ. ಒಂದು ನೊಣ ಕುಟುಕಿದ ಜಾಗದಿಂದ ಬಾಳೆಹಣ್ಣಿನಂಥ ವಾಸನೆ ಹೊಮ್ಮಿ ಉಳಿದವಕ್ಕೆ ಗುರಿ ತೋರಿಸುತ್ತದೆ. ಹಾಗೆಂದು ಅದು ಸುಮ್ಮನೆ ಕೆರಳುವುದಿಲ್ಲ. ಕಲ್ಲು, ಹೊಗೆ, ಹದ್ದು, ಇಂಥದ್ದೇನಾದರೂ ಬೇಕು. ಮೊದಲೆರಡನ್ನು ಸಂಘಗಳು ಸ್ವಂತ ಖರ್ಚಿನಲ್ಲಿ ಒದಗಿಸುತ್ತಿರುವುದು ಶ್ಲಾಘನೀಯ.

ಇನ್ನು ಈ ನಿವಾಸಿಗಳ ದುಡಿಮೆ. ಜೇನಿಲ್ಲದಿದ್ದರೆ ಮನುಷ್ಯ ಉಪವಾಸ ಎನ್ನುವುದು ಉತ್ಪ್ರೇಕ್ಷೆ: ರಾಗಿ, ಭತ್ತಕ್ಕೆ ಜೇನಿನ ಹಂಗಿಲ್ಲ. ಮುದ್ದೆ ತಟ್ಟೆಗೆ ಬಂದೇ ಬರುತ್ತದೆ, ತೊಂದರೆಯಾಗುವುದು ಹುಳಿಗೆ. ಜಗತ್ತಿನ 115 ಮುಖ್ಯ ಆಹಾರ ಬೆಳೆಗಳಲ್ಲಿ 87 ಪರಾಗಸ್ಪರ್ಶಕ್ಕೆ ಸ್ವಲ್ಪವಾದರೂ ಪ್ರಾಣಿಗಳನ್ನು ನೆಚ್ಚಿವೆ. ಕುಂಬಳದ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ. ಪರಾಗ ಅಂಟಂಟು, ಗಾಳಿಗೆ ಹಾರದು. ಬೆಳಗಿನ ಹೊತ್ತು ಯಾರೂ ಹೊತ್ತೊಯ್ಯದಿದ್ದರೆ ಹೆಬ್ಬೆರಳಿನಷ್ಟು ಬಂದ ಹೀಚು ಹಳದಿಯಾಗಿ ಉದುರುತ್ತದೆ. ಬಸವೇಶ್ವರನಗರದ ತಾರಸಿ ತೋಟದಲ್ಲಿ ಹೀಗಾದಾಗ ಬೈಗುಳ ಬೀಳುವುದು ಗೊಬ್ಬರದ ಅಂಗಡಿಗೆ.

ಬದನೆಯದು ಇನ್ನೂ ಸೂಕ್ಷ್ಮ. ಅದರ ಪರಾಗ ಕೊಳವೆಯಂಥ ಕೇಸರದೊಳಗೆ ಕೂತಿರುತ್ತದೆ, ತುದಿಯಲ್ಲಿ ಸಣ್ಣ ರಂಧ್ರ. ಕಪ್ಪು ದುಂಬಿಯೋ ನೀಲಿ ಪಟ್ಟೆಯ ಒಂಟಿ ಜೇನೋ ಹೂವನ್ನು ತಬ್ಬಿ, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನಷ್ಟೇ ಅದುರಿಸಿದರೆ, ಉಪ್ಪಿನ ಡಬ್ಬಿ ಕೊಡವಿದಂತೆ ಪರಾಗ ಉದುರುತ್ತದೆ. ಹೆಜ್ಜೇನಿಗೂ ಬಾರದ ವಿದ್ಯೆ ಇದು. ಈ ಒಂಟಿ ಜೇನುಗಳಲ್ಲಿ ಹಲವು ಗೂಡು ತೋಡುವುದು ಬರಿಯ ಮಣ್ಣಿನಲ್ಲಿ. ಆ ಮಣ್ಣಿಗೆ ಇಂಟರ್‌ಲಾಕ್ ಟೈಲ್ಸ್ ಹಾಸುವ ನಿರ್ಣಯ ಬಹುತೇಕ ಸಭೆಗಳಲ್ಲಿ ಸರ್ವಾನುಮತದಿಂದ ಪಾಸಾಗುತ್ತದೆ.

ಸಂಘಗಳ ದೂರಿನಲ್ಲಿ ಬಿಟ್ಟುಹೋದ ಜೇನುಗಳೂ ಇವೆ: ಪೊಟರೆಯ ತುಡುವೆ, ಪೊದೆಯ ಕೋಲುಜೇನು, ಗೋಡೆ ಬಿರುಕಿನಲ್ಲಿ ಮೇಣದ ಕೊಳವೆ ಚಾಚಿಕೊಂಡ, ಕುಟುಕಲಾರದ ನಸರುಜೇನು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಕರ್ನಾಟಕದ ತುಡುವೆ ಕುಟುಂಬಗಳನ್ನು ಬಹುಪಾಲು ಅಳಿಸಿತ್ತು. ಅಳಿದುಳಿದ ಸಂತತಿಗೆ ಈಗ ಸೊಳ್ಳೆ ಹೊಗೆ, ಗುಲಾಬಿ ಕುಂಡದ ಕೀಟನಾಶಕ, ಟೀ ಅಂಗಡಿ ಮುಂದೆ ಬಿಸಾಡಿದ ಪೇಪರ್ ಕಪ್ಪಿನ ತಳದ ಸಕ್ಕರೆ ಪಾಕ. ಪಾಕಕ್ಕೆ ಇಳಿದ ನೊಣ ಅಲ್ಲೇ ಮುಳುಗುತ್ತದೆ. ಮೇ 20ರ ವಿಶ್ವ ಜೇನು ದಿನಕ್ಕೆ ಮಕ್ಕಳು ಬಿಡಿಸುವ ಹಳದಿ ಪಟ್ಟೆಯ ಚಿತ್ರಗಳಂತೂ ಬಹುಮಟ್ಟಿಗೆ ಯುರೋಪಿನ ಜೇನಿನವು. ಬಹುಮಾನ ಅದಕ್ಕೆ, ಸ್ಪ್ರೇ ಸ್ಥಳೀಯರಿಗೆ.

ತೆರವಿನ ಕ್ರಮ ಹೀಗಿದೆ. ಎರಿ ಆಳೆತ್ತರದಲ್ಲಿದ್ದರೆ, ಮಕ್ಕಳು ಆಡುವ ಕಡೆ ಇದ್ದರೆ, ಕೊಲ್ಲದೆ ಎಬ್ಬಿಸಬಲ್ಲ ಅನುಭವಿಗಳನ್ನು ಕರೆಸಬೇಕು. ಇಲ್ಲದಿದ್ದರೆ ಆ ಬಾಲ್ಕನಿಯ ಬಾಗಿಲು ಹಾಕಿ, ರಾತ್ರಿ ಅಲ್ಲಿನ ದೀಪ ಆರಿಸಿ, ಕಾಯುವುದು. ಜೇನು ಹೋದ ಮೇಲೆ ಉಳಿದ ಮೇಣವನ್ನು ಪೂರ್ತಿ ಕೆರೆದು ತೊಳೆಯಬೇಕು, ಏಕೆಂದರೆ ಹೆಜ್ಜೇನಿಗೆ ಹಳೆಯ ಜಾಗಕ್ಕೇ ಮರಳುವ ರೂಢಿ. ಸ್ಪ್ರೇ ಹೊಡೆಸಿ ಮೇಣ ಕೆರೆಯದೆ ಬಿಟ್ಟ ಸಂಘಗಳು ಮುಂದಿನ ವರ್ಷದ ಬಜೆಟ್‌ನಲ್ಲಿ ಇದೇ ಬಾಬ್ತಿಗೆ ಹಣ ತೆಗೆದಿಡುವುದು ಒಳಿತು.

ಪ್ರತಿ: ಪೆಸ್ಟ್ ಕಂಟ್ರೋಲ್ ಏಜೆನ್ಸಿಗಳಿಗೆ, ಮಾಹಿತಿಗಾಗಿ.