ಬೆನ್ನು ನೋಡುವ ಮಾಸ್ತರರು

ಯಾರದೇ ಮನೆಗೆ ಹೋಗಲಿ, ಗೋಡೆಯ ಮೇಲಿನ ಫೋಟೋಕ್ಕೆ ಮಂದಿ ಕೈಮುಗಿಯುತ್ತಾರೆ. ಶಹಾಪುರದ ನಮ್ಮ ಮಾಸ್ತರರು ಅದನ್ನು ಮೊಳೆಯಿಂದ ಇಳಿಸಿ, ತಿರುಗಿಸಿ, ಬೆನ್ನು ನೋಡುತ್ತಾರೆ. ಫೋಟೋದಲ್ಲಿ ಶರಣಬಸವೇಶ್ವರರಿರಲಿ, ತೀರಿಕೊಂಡ ಹಿರಿಯರಿರಲಿ, ಹೊಸ ಮದುವೆಯ ಜೋಡಿಯೇ ಇರಲಿ, ಮುಖದ ಗೊಡವೆ ಅವರಿಗಿಲ್ಲ. ಹಿಂದೆ ಏನು ಹಾಕಿದ್ದಾರೆ? ಪ್ಲೈವುಡ್ಡೋ, ರಟ್ಟೋ, ಹಳೇ ಪೇಪರೋ?

ತಂಗಿಯ ಮಗನಿಗೆ ಕನ್ಯೆ ನೋಡಲೆಂದು ಯಾದಗಿರಿಗೆ ಹೋಗಿದ್ದರು. ಹುಡುಗಿ ಚಹಾದ ತಟ್ಟೆ ಹಿಡಿದು ಹೊರಗೆ ಬರುವ ಹೊತ್ತಿಗೆ ಅವಳ ಅಜ್ಜನ ಫೋಟೋ ಮಾಸ್ತರರ ತೊಡೆಯ ಮೇಲೆ ಬೋರಲು ಮಲಗಿತ್ತು. ಉಗುರಿನಿಂದ ಮೂಲೆ ಕೆದರಿ, ಮೂಗಿನ ಹತ್ತಿರ ಹಿಡಿದು ಮೂಸಿ, ತುಂಬಿದ ಪಡಸಾಲೆಗೆ ಕೇಳುವಂತೆ ಹೇಳಿದರು: “ಬಿಸ್ಕೀಟ್ ಡಬ್ಬಿ ರಟ್ಟು ಹಾಕ್ಯಾರ್ರಿ. ಹಿಂಗ ಬಿಟ್ರ ನಿಮ್ಮ ಅಜ್ಜಾರು ಇನ್ನ ಹತ್ತು ವರ್ಷ ಬಾಳಂಗಿಲ್ಲ.” ಅಜ್ಜಾರು ಹೋಗಿ ಆಗಲೇ ಕಾಲವಾಗಿತ್ತು. ಬೀಗರಾಗಬೇಕಾದವರು ಮುಖ ಮುಖ ನೋಡಿಕೊಂಡರು. ಹುಡುಗಿ ಕಿಸಕ್ಕನೆ ನಕ್ಕಳಂತೆ, ಅದರಿಂದಲೇ ಸಂಬಂಧ ಕೂಡಿತು ಎಂದು ಮಾಸ್ತರರು ಇವತ್ತಿಗೂ ಹೇಳುತ್ತಾರೆ.

ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಒಬ್ಬರಿಗೆ ಹಳೇ ನಾಣ್ಯ, ಒಬ್ಬರಿಗೆ ಹಳೇ ರೇಡಿಯೋ, ಇನ್ನೊಬ್ಬರಿಗೆ ಶಾಸನದ ಕಲ್ಲು. ನೌಕರಿ ಇರುವತನಕ ಹುಚ್ಚು ರವಿವಾರಕ್ಕಷ್ಟೇ ಮೀಸಲು. ಪಿಂಚಣಿ ಶುರುವಾಯಿತೆಂದರೆ ವಾರದ ಏಳೂ ದಿನ ರವಿವಾರ. ನಮ್ಮ ಮಾಸ್ತರರದು ಹಳೇ ಪೋಸ್ಟರಿನ ಹುಚ್ಚು. ಮಂಚದ ಕೆಳಗಿನ ತಗಡಿನ ಟ್ರಂಕಿನಲ್ಲಿ 1954ರ ‘ಬೇಡರ ಕಣ್ಣಪ್ಪ’ ಇದೆ, 1961ರ ‘ಕಿತ್ತೂರು ಚೆನ್ನಮ್ಮ’ ಇದೆ. ಧುತ್ತರಗಿಯವರ ನಾಟಕ ಸಿನಿಮಾ ಆದದ್ದಕ್ಕೆ ಸಾಕ್ಷಿಯಾಗಿ 1974ರ ‘ಸಂಪತ್ತಿಗೆ ಸವಾಲ್’ ಇದೆ. ಜಾತ್ರೆಗೆ ಬಂದು ಡೇರೆ ಹೊಡೆಯುತ್ತಿದ್ದ ಕಂಪನಿ ನಾಟಕಗಳ ಗೋಡೆಪತ್ರಗಳಂತೂ ಕಟ್ಟುಗಟ್ಟಲೆ. ಬಾಗಿಲು ಹಾಕಿದ ಟಾಕೀಸಿನ ಗೇಟ್‌ಕೀಪರನ ಮನೆಯಿಂದ, ರದ್ದಿ ಅಂಗಡಿಯಿಂದ, ಒಮ್ಮೆ ಜೋಳದ ಚೀಲದ ತಳದಿಂದ ಬಂದವು.

ತೊಂದರೆ ಏನೆಂದರೆ, ಈ ಪೋಸ್ಟರುಗಳನ್ನು ಯಾರೂ ಬಾಳಲಿ ಎಂದು ಮಾಡಿದ್ದಲ್ಲ. ಒಂದು ವಾರ ಗೋಡೆಯ ಮೇಲಿದ್ದು ಆಡಿಗೆ ಆಹಾರವಾಗಬೇಕಾದ ಮಾಲು. ಮರದ ತಿರುಳು ಅರೆದು ಮಾಡಿದ ಅಗ್ಗದ ಕಾಗದ. ಅದರೊಳಗಿನ ಲಿಗ್ನಿನ್ ಬಿಸಿಲು ಗಾಳಿ ತಾಗಿದಂತೆ ಹಳದಿಗಟ್ಟುತ್ತದೆ, ಆಮ್ಲ ಬಿಡುತ್ತದೆ, ಕಾಗದ ಹಪ್ಪಳದಂತೆ ಮುರಿಯುತ್ತದೆ. ಹಂಚಿಕೆದಾರರು ಮಡಚಿ ಮಡಚಿ ಬಸ್ಸಿಗೆ ಹಾಕಿ ಕಳಿಸುತ್ತಿದ್ದುದರಿಂದ ಮಡಿಕೆ ಬಿದ್ದಲ್ಲೆಲ್ಲ ಸೀಳು. ಹಾಗಾಗಿ ಬೆನ್ನಿಗೆ ಆಸರೆ ಬೇಕು. ಹಲಗೆಯ ಮೇಲೆ ಹತ್ತಿ ಬಟ್ಟೆ ಎಳೆದು ಬಿಗಿದು, ಅದರ ಮೇಲೆ ಆಮ್ಲವಿಲ್ಲದ ತೆಳು ಕಾಗದ ಅಂಟಿಸಿ, ಅದರ ಮೇಲೆ ಪೋಸ್ಟರ್ ಕೂರಿಸುವುದು ಬಲ್ಲವರ ಪದ್ಧತಿ. ನಡುವಿನ ಕಾಗದ ಇಲ್ಲದಿದ್ದರೆ ಬಟ್ಟೆಯ ನೇಯ್ಗೆಯೆಲ್ಲ ರಾಜಕುಮಾರರ ಕೆನ್ನೆಯ ಮೇಲೆ ಮೂಡುತ್ತದೆ. ಅಂಟು ಎಂಥದ್ದಿರಬೇಕೆಂದರೆ, ನಾಳೆ ಯಾರಾದರೂ ಬೇಡವೆಂದರೆ ನೀರು ತಾಗಿಸಿದ ಕೂಡಲೇ ಬಿಟ್ಟುಕೊಡಬೇಕು.

ಇಷ್ಟು ತಿಳಿದ ಮೇಲೆ ಮಾಸ್ತರರು ಬಟ್ಟೆ ಹುಡುಕಲು ಹೊರಟರು.

ಸುತ್ತ ಹತ್ತಿ ಬೆಳೆಯುವ ಸೀಮೆ. ಸುಗ್ಗಿಯಲ್ಲಿ ಹತ್ತಿ ಲಾರಿ ಹೋದ ರಸ್ತೆಯ ಜಾಲಿಗಿಡಗಳೂ ಬೆಳ್ಳಗೆ ಕಾಣುತ್ತವೆ. ಇಂಥಲ್ಲಿ ಗಂಜಿ ಇಲ್ಲದ, ಬಣ್ಣ ಇಲ್ಲದ, ನೂಲಿನಲ್ಲಿ ಬೆರಕೆ ಇಲ್ಲದ ಎರಡು ಮೀಟರ್ ಕೋರಾ ಬಟ್ಟೆ ಕೇಳಿದರೆ ಅಂಗಡಿಯವರು ಕಣ್ಣು ಬಿಡುತ್ತಾರೆ. ಎಲ್ಲೆಲ್ಲೂ ಪಾಲಿಕಾಟ್. “ಹಂಡ್ರೆಡ್ ಪರ್ಸೆಂಟ್ ಕಾಟನ್ ಅದ ತಗೊಳ್ರಿ” ಎಂಬ ಮಾತನ್ನು ಗಣಿತದ ಮಾಸ್ತರರು ಎಂದಾದರೂ ನಂಬಿಯಾರೇ? ತಾನಿನ ಅಂಚಿನಿಂದ ಒಂದು ಎಳೆ ಕೀಳುತ್ತಾರೆ, ಜೇಬಿನಿಂದ ಕಡ್ಡಿಪೆಟ್ಟಿಗೆ ತೆಗೆಯುತ್ತಾರೆ, ಗೀರುತ್ತಾರೆ. ಶುದ್ಧ ಹತ್ತಿಯಾದರೆ ಎಳೆ ಕಾಗದದಂತೆ ಉರಿದು ಬೂದಿ ಉದುರುತ್ತದೆ. ಪಾಲಿಯೆಸ್ಟರ್ ಇದ್ದರೆ ಮುದುಡಿ, ಕರಗಿ, ತುದಿಯಲ್ಲಿ ಕರೀ ಮಣಿಯಾಗುತ್ತದೆ. ಆ ಮಣಿಯನ್ನು ಹೆಬ್ಬೆರಳಲ್ಲಿ ಒತ್ತಿ ಗಲ್ಲಾಪೆಟ್ಟಿಗೆಯ ಮೇಲಿಟ್ಟು, “ಶೇಕಡಾ ಅರವತ್ತೂ ಇಲ್ಲ” ಎಂದು ಅಂಕ ಕೊಟ್ಟು ಇಳಿಯುತ್ತಾರೆ. ಲಕ್ಷಾಂತರ ರೂಪಾಯಿ ಬಟ್ಟೆಯ ನಡುವೆ ಕಡ್ಡಿ ಗೀರುವ ಗಿರಾಕಿಯನ್ನು ಯಾರು ಒಳಗೆ ಬಿಟ್ಟಾರು? ಶಹಾಪುರದ ಬಟ್ಟೆ ಅಂಗಡಿಗಳಲ್ಲಿ ಈಗ ಮಾಸ್ತರರನ್ನು ಕಂಡರೆ ಹುಡುಗರು ಮೊದಲು ಕುರ್ಚಿ ಕೊಡುವುದಿಲ್ಲ, ಜೇಬು ನೋಡುತ್ತಾರೆ.

ಕೊನೆಗೆ ಯಾರೋ ಯಾದಗಿರಿಯ ಒಂದು ಸಣ್ಣ ಅಂಗಡಿಯ ಗುರುತು ಹೇಳಿದರು. ಕಫನ್ ಬಟ್ಟೆ ಮಾರುವ ಅಂಗಡಿ. ಅಲ್ಲಿಯ ಕೋರಾ ಬೆಳ್ಳಗೆ, ತೆಳ್ಳಗೆ, ನೂರಕ್ಕೆ ನೂರು ಹತ್ತಿ. ಸಾವಿನ ಬಟ್ಟೆಯಲ್ಲಿ ಅಲ್ಲಿ ಬೆರಕೆ ನಡೆಯುವುದಿಲ್ಲ. ಮುದುಕ ಅಂಗಡಿಕಾರ ಬಟ್ಟೆ ಬಿಚ್ಚುತ್ತ ಮೆಲ್ಲಗೆ ಕೇಳಿದ.

“ಎತ್ತರ ಎಷ್ಟ್ರಿ ಮಾಸ್ತರ್ ಸಾಬ್?”

“ನಲವತ್ತು ಇಂಚು. ಅಗಲ ಮೂವತ್ತು.”

ಮುದುಕನ ಕೈ ನಿಂತಿತು. “ಕೂಸೇನ್ರಿ?”

“ಇಲ್ರಿ, ಎಪ್ಪತ್ತು ದಾಟ್ಯಾವ. ಮಡಚಿ ಮಡಚಿ ಇಟ್ಟಿದ್ರು, ನಾಲ್ಕು ತುಂಡಾಗ್ಯಾನ.”

ಮುದುಕ ಕತ್ತರಿ ಕೆಳಗಿಟ್ಟ.

“ಇವಂದು ಆದ ಮ್ಯಾಲ ಇನ್ನ ಟ್ರಂಕಿನ್ಯಾಗ ಭಾಳ ಮಂದಿ ಅದಾರ್ರಿ” ಎಂದರು ಮಾಸ್ತರರು, ಸಗಟು ಬೆಲೆಗೆ ಸಿಕ್ಕೀತೆಂಬ ಆಸೆಯಿಂದ. ಪೊಲೀಸರ ತನಕ ಹೋಗದಂತೆ ತಡೆದದ್ದು ಅವರ ಚೀಲದಲ್ಲಿದ್ದ ಕಣ್ಣಪ್ಪನ ಒಂದು ತುಂಡು. ಅದನ್ನು ಕಂಡ ಮುದುಕ ಹಣೆ ಹಣೆ ಬಡಿದುಕೊಂಡು ನಕ್ಕು, ಬೇಕಾದಷ್ಟು ಬಟ್ಟೆ ಹರಿದುಕೊಟ್ಟ. ಪನ್ನಾ ಮೂವತ್ತಾರು ಇಂಚು. ಅಂಚಿಗೆ ಎರಡೂ ಕಡೆ ಮೂರು ಮೂರು ಇಂಚು ಉಳಿಯಿತು. ಬಿಸಿನೀರಲ್ಲಿ ಕುದಿಸಿ ಗಂಜಿ ತೆಗೆದು ಒಣಗಿಸಿದಾಗ ಅದೂ ಒಂದಿಷ್ಟು ಕುಗ್ಗಿತೆನ್ನಿ.

ಇನ್ನು ಸಲಹೆಗಾರರ ಕಾಟ. ಯಾದಗಿರಿಯಲ್ಲಿ ರೈಲ್ವೆಯಿಂದ ನಿವೃತ್ತರಾದ ಒಬ್ಬರಿದ್ದಾರೆ, ಅವರದು ಪ್ಲೈವುಡ್ ಪಂಥ. ಬಡಗಿಯ ಬಿಳಿ ಅಂಟು ಬಳಿದು, ಹಲಗೆಗೆ ಒತ್ತಿ, “ಇನ್ನ ರೈಲು ಹಾಯ್ದರೂ ಅಲ್ಲಾಡಂಗಿಲ್ಲ” ಎನ್ನುತ್ತಾರೆ. ಅಲ್ಲಾಡುವುದಿಲ್ಲ, ನಿಜ, ಪ್ಲೈವುಡ್ಡಿನ ಆಮ್ಲಕ್ಕೆ ಕಾಗದ ಕಂದುಗಟ್ಟಿದ ಮೇಲೆ ಬಿಡಿಸಲಿಕ್ಕೂ ಬರುವುದಿಲ್ಲ. ಇನ್ನೂ ಎಳೆಯರು ಲ್ಯಾಮಿನೇಷನ್ ಮಾಡಿಸಿ ಎನ್ನುತ್ತಾರೆ. ನನ್ನನ್ನು ಕೇಳಿದರೆ, ಹಳೇ ಪೋಸ್ಟರಿಗೆ ಲ್ಯಾಮಿನೇಷನ್ ಮಾಡಿಸುವುದಕ್ಕಿಂತ ಆಡಿಗೆ ಹಾಕುವುದು ಮೇಲು. ಆಡಾದರೂ ಹಾಲು ಕೊಡುತ್ತದೆ.

ಸುರಪುರದ ಗೆಳೆಯರೊಬ್ಬರದು ಬೇರೆಯೇ ಗತ್ತು. ನಾಯಕ ಅರಸರ ಕಾಲದಿಂದ ಚಿನ್ನದ ಬಣ್ಣ ಹಚ್ಚಿ ಚಿತ್ರ ಬರೆದ ಗರುಡಾದ್ರಿ ಮನೆತನದ ಊರು ಅವರದು. ಕಾಗದ ಅಂಟಿಸುವುದನ್ನು ಶಹಾಪುರದವರಿಂದ ಕಲಿಯಬೇಕೇ? ಹುಣಸೆ ಬೀಜ ಹುರಿದು, ಸಿಪ್ಪೆ ಬಿಡಿಸಿ, ನೆನೆಸಿ ಅರೆದು ಕುದಿಸಿದ ಅಂಟೇ ಅಂಟು ಎಂಬುದು ಅವರ ವಾದ. ಒಡಿಶಾದ ಪಟಚಿತ್ರದವರು ಬಟ್ಟೆಗೆ ಬಟ್ಟೆ ಅಂಟಿಸುವುದು ಅದರಿಂದಲೇ, ನಮ್ಮ ಕಂಬಳಿಗೆ ಬಿರುಸು ಬರುವುದೂ ಅದರಿಂದಲೇ. ವಾದ ಮುಗಿದ ಮೇಲೆ ಮೆಲ್ಲಗೆ ಇನ್ನೊಂದು ಮಾತು ತೇಲಿಬಿಡುತ್ತಾರೆ: ಬೇಡ ನಾಯಕರು ಆಳಿದ ಊರು ಇರುವಾಗ ‘ಬೇಡರ ಕಣ್ಣಪ್ಪ’ ಶಹಾಪುರದ ಮಂಚದ ಕೆಳಗೆ ಯಾಕಿರಬೇಕು? ಇದಕ್ಕೆ ಮಾಸ್ತರರು ಕಿವುಡರಾಗುತ್ತಾರೆ.

ಖಾದಿಯನ್ನೂ ನೋಡಿದರು. ರಾಷ್ಟ್ರಧ್ವಜಕ್ಕೆ ಸಲ್ಲುವ ಗರಗದ ಖಾದಿಗೆ ಕೈಮುಗಿದರು; ಆದರೆ ಕೈನೂಲಿನ ಗಂಟು ಕಾಗದದ ಮೇಲೆ ಉಬ್ಬುತ್ತದೆಂದು ಪಂಚೆ ಮಾತ್ರ ಕೊಂಡು ಬಂದರು. ಮತ್ತೆ ಶಿಫಾನ್ ತಲೆಯೊಳಗೆ ಹೊಕ್ಕಿತು. ದಿಲ್ಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿ ಶಿಥಿಲವಾದ ದಾಖಲೆಗಳಿಗೆ ರೇಷ್ಮೆಯ ತೆಳು ಶಿಫಾನ್ ಅಂಟಿಸಿ ಉಳಿಸುತ್ತಿದ್ದರೆಂದು ಎಲ್ಲೋ ಓದಿದ್ದರು. ಮದುವೆಯಾದಂದಿನಿಂದ ಒಮ್ಮೆಯೂ ತಾವಾಗಿ ಸೀರೆ ಅಂಗಡಿ ಹತ್ತದ ಮನುಷ್ಯ ಶಿಫಾನ್ ಸೀರೆ ತಂದದ್ದು ಕಂಡು ಅವರ ಹೆಂಡತಿ ಅಕ್ಕನವರ ಕಣ್ಣಲ್ಲಿ ನೀರು ಬಂತು. ಅದು ಇಳಿಯುವ ಮೊದಲೇ ಮಾಸ್ತರರು ಸೆರಗಿನ ಎಳೆ ಕಿತ್ತು ಕಡ್ಡಿ ಗೀರಿದ್ದರು. ಕರೀ ಮಣಿ! ರೇಷ್ಮೆಯಲ್ಲ, ಪಾಲಿಯೆಸ್ಟರ್. “ಇದು ಉಪಯೋಗ ಇಲ್ಲ, ನೀನ ಉಟ್ಕೋ” ಎಂದರಂತೆ. ಅಕ್ಕನವರು ಉಡುತ್ತಾರೆ, ಯಾರಾದರೂ ಹೊಗಳಿದರೆ ಈ ಕಥೆಯನ್ನೂ ಹೇಳುತ್ತಾರೆ.

ಒಮ್ಮೆ ನಾನು ಕೇಳಿದೆ, ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿ ಇಂಟ್ಯಾಕ್‌ನವರ ಸಂರಕ್ಷಣಾ ಕೇಂದ್ರ ಇದೆಯಲ್ಲ, ಅಲ್ಲಿಗೆ ಕೊಟ್ಟು ಮಾಡಿಸಬಾರದೇ ಎಂದು. ಮಾಸ್ತರರು ನನ್ನನ್ನು ದಡ್ಡ ಹುಡುಗನನ್ನು ನೋಡುವಂತೆ ನೋಡಿದರು. “ಅವ್ರಿಗೆ ಕೊಟ್ರ ನಾ ಏನ್ ಮಾಡ್ಲಿ?”

ಅಂಟಿನ ವಿಷಯದಲ್ಲಿ ಅವರು ಹೈದರಾಬಾದಿಗೂ ಹೋಗಿ ಬಂದರು. ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಚಿತ್ರಪಟಗಳ ಬೆನ್ನು ನೋಡಲು ಗೋಡೆಗೆ ಕೆನ್ನೆ ಹಚ್ಚಿ ನಿಂತಾಗ ಕಾವಲುಗಾರ ಮುಂದೆ ಕಳಿಸಿದನಂತೆ. ಬೇಕಾದದ್ದು ಗೋಧಿಯ ಪಿಷ್ಟ. ಮೈದಾ ನಡೆಯುವುದಿಲ್ಲ; ಅದರಲ್ಲಿನ ಗ್ಲುಟೆನ್ ಬಿರುಸಾಗಿ ಹಳದಿಗಟ್ಟುತ್ತದೆ, ಹುಳಕ್ಕೂ ಹಬ್ಬದೂಟ. ಹುಳ ಬಾರದಿರಲೆಂದು ಬೈಂಡರುಗಳು ಬೆರೆಸುವ ಮೈಲುತುತ್ತ ಹುಳವನ್ನು ಕೊಲ್ಲುತ್ತದೆ, ನಿಧಾನಕ್ಕೆ ಕಾಗದವನ್ನೂ. ಹೈದರಾಬಾದಿನಲ್ಲಿ ಪಿಷ್ಟದ ಬೆಲೆ ಕೇಳಿ ಬರಿಗೈಲಿ ಮರಳಿದ ದಿನ ಅಡುಗೆಮನೆಯಲ್ಲಿ ಕುರುಡಗಿಯ ತಯಾರಿ ನಡೆದಿತ್ತು. ಗೋಧಿ ಮೂರು ದಿನ ನೆನೆದಿತ್ತು, ದಿನಾ ನೀರು ಬದಲಾಗಿತ್ತು. ಅರೆದು, ಅರಿವೆಯಲ್ಲಿ ಸೋಸಿ, ರಾತ್ರಿಯಿಡೀ ಕೂಡಲು ಬಿಟ್ಟ ಹಾಲಿನ ಮೇಲಿನ ತಿಳಿನೀರನ್ನು ಅಕ್ಕನವರು ಬಸಿಯುತ್ತಿದ್ದರು. ಪಾತ್ರೆಯ ತಳದಲ್ಲಿ ಗಟ್ಟಿಯಾಗಿ, ಬೆಳ್ಳಗೆ ಕುಳಿತದ್ದನ್ನು ಮಾಸ್ತರರು ಬೆರಳಲ್ಲಿ ತೆಗೆದು ಉಜ್ಜಿದರು, ನೆಕ್ಕಿದರು, ಹಾಗೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

“ಇದಕ್ಕ ಹೈದರಾಬಾದ್ ತನಕ ಹೋಗಿದ್ರೇನು?” ಎಂದರು ಅಕ್ಕನವರು. “ಉಪ್ಪು ಹಾಕೂಕಿಂತ ಮೊದಲ ಒಂದು ಬಟ್ಟಲ ತಗೊಂಡ್ ಹೋಗ್ರಿ. ಆಮ್ಯಾಲ ಇಂಗು ಜೀರಗಿ ಬಿದ್ರ ನಿಮ್ಮ ಕಣ್ಣಪ್ಪನ್ನ ಕರದು ತಿನ್ನಬೇಕಾಗ್ತದ.”

ಹೀಗೆ ಕೆಲಸ ಆಯಿತು. ಮೂಲೆಯಲ್ಲಿ ಒದ್ದೆ ಹತ್ತಿ ಒತ್ತಿ ಕೆಂಪು ಬಣ್ಣ ಬಿಡುವುದಿಲ್ಲವೆಂದು ಖಾತ್ರಿ ಮಾಡಿಕೊಂಡರು. ತೆಳು ಕೈಕಾಗದ ನಡುವೆ ಬಂತು, ಕಫನಿನ ಕೋರಾ ಕೆಳಗೆ, ಕುರುಡಗಿಯ ಹಿಟ್ಟು ಎಲ್ಲದಕ್ಕೂ. ನಾಲ್ಕು ತುಂಡುಗಳನ್ನು ಹಳೇ ಸೊಳ್ಳೆಪರದೆಯ ಮೇಲೆ ಎತ್ತಿ ತಂದು, ಮೀಸೆಗೆ ಮೀಸೆ ಕೂಡಿಸಿ, ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಗಾಳಿ ಹೊರಡಿಸಿದರು. ಆದರೆ ಅದು ನಿಧಾನಕ್ಕೆ ಒಣಗಬೇಕು. ದಿಢೀರನೆ ಒಣಗಿದರೆ ಬಿಗಿದು ಮತ್ತೆ ಸೀಳುತ್ತದೆ. ಹೊರಗೆ ಮೇ ತಿಂಗಳ ನಲವತ್ಮೂರು ಡಿಗ್ರಿ. ಒಳಗೆ ಕಿಟಕಿ ಬಾಗಿಲು ಬಂದ್, ಫ್ಯಾನ್ ಬಂದ್. ಮೂರು ದಿನ ಮನೆಮಂದಿಯೆಲ್ಲ ಜಗಲಿಯ ಮೇಲೆ ಮಲಗಿದರು. ನೋಡಲು ಬಂದ ಸುರಪುರದ ಗೆಳೆಯರು ಅಂಗಿ ತೋಯುವತನಕ ನಿಂತು, ಹುಣಸೆ ಬೀಜ ಆಗಿದ್ದರೆ ಇಷ್ಟು ಸೆಕೆ ಆಗುತ್ತಿರಲಿಲ್ಲ ಎಂದು ಹೇಳಿ ಹೋದರು.

ಕಣ್ಣಪ್ಪ ಈಗ ಸಪಾಟಾಗಿ, ಗಟ್ಟಿಯಾಗಿ ಎದ್ದು ನಿಂತಿದ್ದಾನೆ. ಎಲ್ಲಿ ತೂಗುಹಾಕುವುದು ಎಂಬುದು ಹೊಸ ತಕರಾರು. ಪಡಸಾಲೆಯ ಗೋಡೆ ಪಕ್ಕದ ಮನೆಯವರದಕ್ಕೆ ಹತ್ತಿಕೊಂಡಿದೆ. ಆಚೆ ಬದಿಗೆ ಬಚ್ಚಲಿದ್ದರೆ ಪಸೆ ಏರುತ್ತದೆ. ನಿನ್ನೆ ಬೆಳಿಗ್ಗೆ ಟೇಪು ಹಿಡಿದು ಪಕ್ಕದ ಮನೆಯ ಹಿತ್ತಲಿಗೆ ಹೋಗಿ ಬಾಗಿಲು ಬಡಿದರು.

“ಯಾರ್ರಿ? ಜಳಕ ಮಾಡಾಕತ್ತೀನಿ!”

“ಆರಾಮ್ ಮಾಡ್ರಿ, ಅವಸರ ಇಲ್ಲ” ಎಂದರು ಮಾಸ್ತರರು ಹೊರಗಿನಿಂದ. “ಬಲಗಡಿ ಗೋಡಿಗೆ ಮಾತ್ರ ನೀರು ಸಿಡಸಬ್ಯಾಡ್ರಿ.”