ಕಾಶಿಯಾತ್ರೆ ಆದಮೇಲೆ

ನಮ್ಮ ಕಡೆಯ ಮದುವೆಗಳಲ್ಲಿ ಕಾಶಿಯಾತ್ರೆ ಎಂಬ ಒಂದು ಪ್ರಕರಣವಿದೆ. ವರ ಕಚ್ಚೆಪಂಚೆ ಉಟ್ಟು, ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೋಲು ಹಿಡಿದು, ‘ನನಗೆ ಸಂಸಾರ ಬೇಡ, ಕಾಶಿಗೆ ಹೋಗುತ್ತೇನೆ’ ಎಂದು ಛತ್ರದ ಬಾಗಿಲ ಕಡೆಗೆ ನಡೆಯುತ್ತಾನೆ. ಹೆಣ್ಣಿನ ತಂದೆ ಅಡ್ಡ ಬಂದು, ಮಗಳನ್ನು ಕೊಡುತ್ತೇನೆ, ಹಿಂದಿರುಗಬೇಕು ಎಂದು ಕೇಳಿಕೊಳ್ಳುತ್ತಾರೆ. ಹುಡುಗ ಹಿಂದಿರುಗುತ್ತಾನೆ. ಗಂಡಸು ತಾನೊಬ್ಬನೇ ಜಾಗ ಆರಿಸಿಕೊಂಡು ಹೊರಡುವ ಪ್ರವಾಸ ಆಯುಷ್ಯದಲ್ಲಿ ಇದೊಂದೇ. ಅದೂ ಚಪ್ಪಲಿ ಬಿಟ್ಟಿರುವ ಜಾಗದವರೆಗೆ. ಫೋಟೋಗ್ರಾಫರು ‘ಸಾರ್, ಸರಿಯಾಗಿ ಬಂದಿಲ್ಲ, ಇನ್ನೊಂದ್ಸಲ ಹೊರಡಿ’ ಎಂದರೆ ಅದೇ ಯಾತ್ರೆ ಎರಡನೇ ಸಲ ರದ್ದಾಗುತ್ತದೆ.

ಅಲ್ಲಿಂದ ಮುಂದೆ ಎಲ್ಲಿಗೆ ಹೋಗಬೇಕೆಂಬುದು ಮನೆಯ ತೀರ್ಮಾನ. ನಾನು ಚಿಕ್ಕವನಾಗಿದ್ದಾಗ ಮನೆಗೂ ಈ ತಾಪತ್ರಯ ಇರಲಿಲ್ಲ. ಬೇಸಿಗೆ ರಜೆ ಎಂದರೆ ಅಜ್ಜಿ ಮನೆ. ಬೇರೆ ಯಾವುದಾದರೂ ಊರು ಇದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ, ಅಜ್ಜಿಯಂತೂ ಕೇಳಲು ಬಿಡುತ್ತಿರಲಿಲ್ಲ. ಆಗ ಜಾಗಗಳಿಗೆ ಸ್ಟಾರ್ ಕೊಡುವ ಪದ್ಧತಿಯೂ ಇರಲಿಲ್ಲ. ಇದ್ದಿದ್ದರೆ ಕಕ್ಕಸು ಹಿತ್ತಿಲಾಚೆ ಇದ್ದ ಕಾರಣಕ್ಕೆ ಅಜ್ಜಿ ಮನೆ ಎರಡು ಸ್ಟಾರು ದಾಟುತ್ತಿರಲಿಲ್ಲ.

ಈಗ ನಮ್ಮ ಮನೆಯಲ್ಲಿ ಪ್ರತಿಯೊಬ್ಬರ ಬಳಿಯೂ ಒಂದೊಂದು ಪ್ರಶ್ನೆ ಇದೆ. ಊರಿನ ಹೆಸರು ಬಾಯಿಂದ ಬಿದ್ದ ಕೂಡಲೇ ಎಲ್ಲರೂ ತಮ್ಮ ತಮ್ಮ ಪ್ರಶ್ನೆ ಎಸೆಯುತ್ತಾರೆ. ಅಮ್ಮನದು ತೀರಾ ಸರಳ: ‘ಅಲ್ಲಿ ಯಾವ ದೇವಸ್ಥಾನ ಇದೆ?’ ಕೊಡಗು ಎಂದರೆ ಅಮ್ಮನಿಗೆ ತಲಕಾವೇರಿ. ಮಧ್ಯೆ ಇರುವ ರಾಜಾಸೀಟು, ಅಬ್ಬಿ ಜಲಪಾತ ಎಲ್ಲ ಬಸ್ಸು ನಿಲ್ಲಿಸಿದಾಗ ಕಾಲು ಚಾಚುವ ತಾಣಗಳು. ಮಲೆನಾಡು ಎಂದರೆ ಶೃಂಗೇರಿ, ಹೊರನಾಡು. ಕರಾವಳಿ ಎಂದರೆ ಉಡುಪಿ, ಕೊಲ್ಲೂರು. ಸಮುದ್ರವನ್ನು ಅಮ್ಮ ವಿರೋಧಿಸುವುದಿಲ್ಲ, ಆದರೆ ಅದರ ದಂಡೆಯ ಮೇಲೆ ದೇವರು ಕೂತಿರಬೇಕು. ಈ ದೃಷ್ಟಿಯಿಂದ ಮುರುಡೇಶ್ವರವನ್ನು ಕಟ್ಟಿದವರಿಗೆ ಕೂಡು ಕುಟುಂಬದ ಕಷ್ಟ ಗೊತ್ತಿತ್ತು ಎಂದೇ ನನ್ನ ನಂಬಿಕೆ. 123 ಅಡಿಯ ಶಿವ ಅಮ್ಮನಿಗೆ, ಕೆಳಗಿನ ಕಡಲು ಮಕ್ಕಳಿಗೆ, 237 ಅಡಿಯ ರಾಜಗೋಪುರದೊಳಗಿನ ಲಿಫ್ಟು ಮಂಡಿನೋವಿನ ನಮ್ಮ ಮಾವನವರಿಗೆ. ಗೋಪುರಕ್ಕೆ ಲಿಫ್ಟು ಇಟ್ಟವರ ಹೊಟ್ಟೆ ತಣ್ಣಗಿರಲಿ. ಒಂದೇ ತೊಂದರೆ, ಇಷ್ಟು ಅನುಕೂಲವಾದ ಜಾಗಕ್ಕೆ ವರ್ಷ ವರ್ಷವೂ ಹೋಗಿ ಅಲ್ಲಿನ ಬೋಂಡಾ ಅಂಗಡಿಯವರಿಗೂ ನಮ್ಮ ಗುರುತಾಗಿದೆ.

ನನ್ನ ಹೆಂಡತಿಯ ಪ್ರಶ್ನೆಗೆ ಒಂದು ತಾರೀಖಿದೆ. 2023ರ ಜೂನ್ 11. ಅಂದು ಶಕ್ತಿ ಯೋಜನೆ ಜಾರಿಗೆ ಬಂತು, ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಬಿಟ್ಟಿಯಾಯಿತು. ಅಲ್ಲಿಯ ತನಕ ‘ಏನೋಪ್ಪಾ, ನೀವು ಹೇಳಿದ ಕಡೆ’ ಎನ್ನುತ್ತಿದ್ದವಳು ಅಂದಿನಿಂದ ಸ್ವತಂತ್ರಳಾದಳು. ನಾನು ಎ.ಸಿ. ಸ್ಲೀಪರ್ ಎಂದು ಬಾಯಿ ತೆರೆದರೆ ಸಾಕು, ‘ನಾವು ಮೂರು ಜನ ಹೆಂಗಸರು ಆಧಾರ್ ತೋರಿಸಿಕೊಂಡು ಹೋಗೋವಾಗ ಆ ದುಡ್ಡು ಯಾಕೆ ಸುರೀಬೇಕು?’ ಎನ್ನುತ್ತಾಳೆ. ಯೋಜನೆ ಐರಾವತಕ್ಕೂ ಇಲ್ಲ, ರಾಜಹಂಸಕ್ಕೂ ಇಲ್ಲ. ಹಾಗಾಗಿ ಅಮ್ಮ, ಹೆಂಡತಿ, ಮಗಳು ಕೆಂಪು ಬಸ್ಸಿನಲ್ಲಿ ಶೂನ್ಯ ಟಿಕೆಟ್ ಹಿಡಿದು ಕಿಟಕಿ ಪಕ್ಕ ಕೂರುತ್ತಾರೆ. ನಾನೂ ಮಗನೂ ಮಾವನವರೂ ಪೂರ್ತಿ ದುಡ್ಡು ಕೊಟ್ಟು, ಲಗೇಜು ತೊಡೆಯ ಮೇಲಿಟ್ಟುಕೊಂಡು ಕೊನೆಯ ಸೀಟಿನಲ್ಲಿ ಕುಲುಕಾಡುತ್ತೇವೆ. ಯೋಜನೆ ರಾಜ್ಯದ ಗಡಿ ದಾಟುವುದಿಲ್ಲವಾದ್ದರಿಂದ ನಮ್ಮ ಮಟ್ಟಿಗೆ ಊಟಿ ಎಂಬ ಊರು ಭೂಪಟದಿಂದ ಅಳಿಸಿಹೋಗಿದೆ. ಕಾರಿನಲ್ಲಿ ಹೋಗೋಣವೆಂದರೆ 2024ರ ಮೇ ತಿಂಗಳಿಂದ ಅಲ್ಲಿಗೆ ಇ-ಪಾಸು ಬೇರೆ. ‘ದುಡ್ಡೂ ಕೊಟ್ಟು ಅರ್ಜಿಯನ್ನೂ ಹಾಕಿ ಚಳೀಲಿ ನಡುಗೋಕೆ ಹೋಗಬೇಕಾ?’ ಎಂದು ಅವಳು ಕೇಳಿದರೆ ನನ್ನ ಬಳಿ ಉತ್ತರವಿಲ್ಲ.

ಇಷ್ಟೆಲ್ಲ ದಾಟಿ ಒಂದು ಜಾಗ ಒಪ್ಪಿಗೆಯಾಯಿತು ಎನ್ನುವಾಗ ಅಡ್ಡ ಬರುವುದು ಕಾಲ. ಶಾಲೆಗೆ ರಜೆ ಕೊಡುವವರೂ ಪ್ರವಾಸಿ ತಾಣಗಳ ಉಸ್ತುವಾರಿ ನೋಡುವವರೂ ಎಂದೂ ಒಂದು ಕಡೆ ಕೂತು ಕಾಫಿ ಕುಡಿದಿಲ್ಲವೆಂದು ಕಾಣುತ್ತದೆ. ಜೋಗವನ್ನೇ ನೋಡಿ. 253 ಮೀಟರಿನಿಂದ ಶರಾವತಿ ಧುಮುಕುವುದನ್ನು ನೋಡಬೇಕಾದರೆ ಆಗಸ್ಟಿನ ಆಸುಪಾಸು ಹೋಗಬೇಕು. ಆಗ ಮಕ್ಕಳಿಗೆ ಟೆಸ್ಟು. ಏಪ್ರಿಲ್‌ನಲ್ಲಿ ಮಕ್ಕಳಿಗೆ ರಜ, ಆಗ ರಾಜ, ರಾಣಿ, ರೋರರ್, ರಾಕೆಟ್ ನಾಲ್ವರೂ ರಜ. ನೀರೆಲ್ಲ ಮೇಲೆ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಕರೆಂಟಿನ ಲೆಕ್ಕಕ್ಕೆ ಕಾದು ಕೂತಿರುತ್ತದೆ. ಒಂದು ಬೇಸಿಗೆ ನಾವು ಹೋದಾಗ ಕಂಡದ್ದು ದೊಡ್ಡ ಬಂಡೆ, ಅದರ ಮೇಲೆ ಒದ್ದೆ ಟವೆಲ್ಲು ಒಣಹಾಕಿದಂಥ ಒಂದು ಗೆರೆ. ‘ಇದಕ್ಕೆ ನಮ್ಮ ಬಚ್ಚಲ ನಲ್ಲಿ ವಾಸಿ’ ಎಂದರು ಮಾವನವರು. ಪಕ್ಕದಲ್ಲಿದ್ದ ಕಡಲೆಕಾಯಿ ಮಾರುವವನು, ‘ಮಳೆಗಾಲದಲ್ಲಿ ಬರಬೇಕು ಸಾರ್’ ಎಂದ. ಮಳೆಗಾಲದಲ್ಲಿ ಹೋದವರಿಗೆ ಅವನು ‘ಮಂಜು ಮುಚ್ಚಿದೆ, ಸ್ವಲ್ಪ ಬಿಸಿಲು ಬಂದ ಮೇಲೆ ಬರಬೇಕು ಸಾರ್’ ಎನ್ನುತ್ತಾನಂತೆ.

ಆಗುಂಬೆಯದು ಇನ್ನೊಂದು ತಮಾಷೆ. ಅಲ್ಲಿ ಪ್ರಸಿದ್ಧವಾದವು ಎರಡು, ಮಳೆ ಮತ್ತು ಸೂರ್ಯಾಸ್ತ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಊರಿನಲ್ಲಿ ಸೂರ್ಯ ಮುಳುಗುವುದನ್ನು ತೋರಿಸಲು ಕಟ್ಟೆ ಕಟ್ಟಿದ್ದಾರೆ. ಮಳೆ ನೋಡಲು ಹೋದರೆ ಸೂರ್ಯನಿಲ್ಲ, ಸೂರ್ಯನನ್ನು ನೋಡಲು ಹೋದರೆ ಮಳೆಯಿಲ್ಲ. ಎರಡನ್ನೂ ಒಂದೇ ಪ್ರವಾಸದಲ್ಲಿ ಕಂಡೆವೆಂದು ಹೇಳುವವರನ್ನು ನಾನು ನಂಬುವುದಿಲ್ಲ. ಹಂಪಿಗೆ ಮೇ ತಿಂಗಳಲ್ಲಿ ಹೋಗೋಣವೆಂದು ನಾನೇ ಒಮ್ಮೆ ಸೂಚಿಸಿದ್ದೆ. ಆ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಕಲ್ಲಿನ ಮೇಲೆ ನಡೆಸುವುದು ಹಿಂಸೆ ಎಂದು ಮಗಳು ಅಂದಳು. ಮಾವನವರು ಜೇಬಿನಿಂದ ಐವತ್ತರ ನೋಟು ತೆಗೆದು ಹಿಂದೆ ತಿರುಗಿಸಿ, ‘ತಗೋಳಿ, ಕಲ್ಲಿನ ರಥ. ಫ್ಯಾನ್ ಕೆಳಗೆ ಕೂತು ನೋಡಿ’ ಎಂದರು. ಆ ಚರ್ಚೆ ಅಲ್ಲಿಗೆ ಮುಗಿಯಿತು.

ಆಫೀಸಿನಲ್ಲಿ ಜಾಗ ಆರಿಸುವ ಶಾಸ್ತ್ರವೇ ಬೇರೆ. ನಮ್ಮದು ಕೇಂದ್ರ ಸರ್ಕಾರದ ಕಚೇರಿ, ರಜಾ ಪ್ರವಾಸದ ಖರ್ಚು ಕೊಡುವ ಎಲ್‌ಟಿಸಿಗೆ ನಾಲ್ಕು ವರ್ಷಕ್ಕೊಂದು ಬ್ಲಾಕು. 2022ರಿಂದ 2025ರದು ಮುಗಿಯುವ ಹೊತ್ತಿಗೆ ಎಂದೂ ಮನೆಯಿಂದ ಕದಲದವರೂ ದೇಶಭಕ್ತರಂತೆ ದೇಶ ಸುತ್ತಲು ಎದ್ದರು. ಸರ್ಕಾರ ಕೊಡುವುದು ಹೋಗಿಬರುವ ಟಿಕೆಟಿನ ದುಡ್ಡು ಮಾತ್ರ. ಇರಲಿಕ್ಕೆ, ಉಣ್ಣಲಿಕ್ಕೆ ನಮ್ಮದೇ ಜೇಬು. ಹಾಗಾಗಿ ಹೆಚ್ಚು ದೂರ ಹೋಗಿ ಕಡಿಮೆ ದಿನ ಇದ್ದು ಬರುವವನೇ ಜಾಣ. ಚಿತ್ರದುರ್ಗದ ಕೋಟೆಯನ್ನು ಈವರೆಗೆ ಹತ್ತದ ಚಿತ್ರದುರ್ಗದವರೇ ಆದ ನನ್ನ ಸಹೋದ್ಯೋಗಿಯೊಬ್ಬರು ಈ ಲೆಕ್ಕದ ಮೇಲೆ ಅಂಡಮಾನಿಗೆ ಹೋಗಿ ಬಂದರು. ಹೇಗಿತ್ತು ಎಂದು ಕೇಳಿದೆ. ‘ಬೋರ್ಡಿಂಗ್ ಪಾಸೆಲ್ಲ ಭದ್ರವಾಗಿ ಇಟ್ಕೊಂಡಿದ್ದೆ, ಬಿಲ್ಲು ಒಂದೇ ಸಲಕ್ಕೆ ಪಾಸಾಯ್ತು’ ಎಂದರು. ಸಮುದ್ರದ ಬಣ್ಣ ಹೇಗಿತ್ತೆಂದು ಕೇಳುವ ಧೈರ್ಯ ಬರಲಿಲ್ಲ.

ರೈಲಿನಲ್ಲಿ ಹೋಗುವವರಿಗೆ ಮುಂಗಡ ಬುಕಿಂಗಿನ ಅವಧಿ ಮೊದಲು 120 ದಿನ ಇತ್ತು, 2024ರ ನವೆಂಬರಿನಿಂದ 60 ದಿನಕ್ಕೆ ಇಳಿಸಿದರು. ಅಯ್ಯೋ ಎಂದು ಬಹಳ ಜನ ಗೋಳಾಡಿದರು. ನಮ್ಮ ಮನೆಗೆ ಅದರಿಂದ ಏನೂ ಆಗಲಿಲ್ಲ. ನಮ್ಮಲ್ಲಿ ಒಮ್ಮತ ಮೂಡುವುದು ಹೊರಡುವ ಹಿಂದಿನ ರಾತ್ರಿ. ತತ್ಕಾಲ್ ಟಿಕೆಟ್ಟು ಎ.ಸಿ.ಗೆ ಬೆಳಿಗ್ಗೆ ಹತ್ತಕ್ಕೆ, ಸ್ಲೀಪರಿಗೆ ಹನ್ನೊಂದಕ್ಕೆ ತೆರೆಯುತ್ತದೆ, ಅದೂ ಹೊರಡುವ ಹಿಂದಿನ ದಿನ. ನಾವು ಒಮ್ಮತಕ್ಕೆ ಬರುವ ಹೊತ್ತಿಗೆ ತತ್ಕಾಲೂ ಭೂತಕಾಲವಾಗಿರುತ್ತದೆ.

ಮಗನ ಆಯ್ಕೆಯೆಲ್ಲ ಮೊಬೈಲಿನ ರೀಲ್ಸಿನಿಂದ. ಮಂಜಿನ ಮೇಲೆ ತೂಗುವ ಉಯ್ಯಾಲೆ, ಅದರಲ್ಲಿ ಒಬ್ಬಳೇ ಹುಡುಗಿ, ಕೆಳಗೆ ‘ಯಾರಿಗೂ ಗೊತ್ತಿಲ್ಲದ ಜಾಗ’ ಎಂದು ಬರೆದಿರುತ್ತದೆ. ಅದನ್ನು ಹನ್ನೆರಡು ಲಕ್ಷ ಜನ ನೋಡಿರುತ್ತಾರೆ, ಭಾನುವಾರ ಅವರಲ್ಲಿ ಅರ್ಧ ಜನ ನಮಗಿಂತ ಮುಂಚೆ ಅಲ್ಲಿರುತ್ತಾರೆ. ನಂದಿ ಬೆಟ್ಟದ ಸೂರ್ಯೋದಯಕ್ಕೆ ಬೆಂಗಳೂರಿಗರು ರಾತ್ರಿ ಮೂರಕ್ಕೇ ಎದ್ದು ಹೊರಟು, ತಿರುವಿನ ರಸ್ತೆಯಲ್ಲಿ ಮುಂದಿನ ಕಾರಿನ ಕೆಂಪು ದೀಪವನ್ನೇ ಅರುಣೋದಯವೆಂದು ಭಾವಿಸಿ ಕೂರುವುದು ನಿಮಗೂ ಗೊತ್ತಿರಬಹುದು. ಬೇಗ ಏಳು ಎಂದರೆ ಶಾಲೆಯ ದಿನ ಕಿವಿಗೆ ಹಾಕಿಕೊಳ್ಳದ ಹುಡುಗ ಇದಕ್ಕೆ ಮಾತ್ರ ಎದ್ದು ಹಲ್ಲುಜ್ಜಿರುತ್ತಾನೆ.

ಇನ್ನು ನನ್ನ ಇಷ್ಟ. ನನಗೆ ರಜೆಯಲ್ಲಿ ಬೇಕಾದದ್ದು ಮಧ್ಯಾಹ್ನ ಉಂಡ ಮೇಲೆ ಜಗಲಿಯ ಮೇಲೆ ಮಲಗುವುದು, ಮುಖದ ಮೇಲೆ ಹಳೆಯ ಪತ್ರಿಕೆ ಮುಚ್ಚಿಕೊಳ್ಳುವುದು. ಇದನ್ನು ಮನೆಯಲ್ಲಿ ಮಾಡಿದರೆ ಸೋಮಾರಿತನ, ಚಿಕ್ಕಮಗಳೂರಿನ ಕಾಫಿ ತೋಟದಲ್ಲಿ ಮಾಡಿದರೆ ದಿನಕ್ಕೆ ತಲಾ ಇಷ್ಟು ಸಾವಿರ. ಆಗಲಿ, ಕೊಡೋಣ ಎಂದು ಒಂದು ಹೋಂಸ್ಟೇಗೆ ಹೋದೆವು. ಬಾಗಿಲಲ್ಲೇ ‘ಆ್ಯಕ್ಟಿವಿಟೀಸ್’ ಎಂಬ ಬೋರ್ಡು. ಜಿಪ್‌ಲೈನ್, ರೇನ್ ಡ್ಯಾನ್ಸ್, ಹಗ್ಗ ಜಗ್ಗಾಟ, ರಾತ್ರಿ ಬೆಂಕಿ ಹಾಕಿ ಸುತ್ತ ಕೂರುವುದು. ವರ್ಷಕ್ಕೆ ಮೊಣಕಾಲುದ್ದ ಮಳೆ ಬೀಳುವ ಊರಿನಲ್ಲಿ ಪೈಪಿನಿಂದ ಮಳೆ ಬರಿಸಿ ಕುಣಿಯುವುದು ಏಕೆಂದು ನನಗಿನ್ನೂ ತಿಳಿದಿಲ್ಲ. ಕಡುಬು, ಅಕ್ಕಿರೊಟ್ಟಿ, ಕಳಲೆ ಪಲ್ಯ ಹೊಟ್ಟೆಬಿರಿಯ ಉಂಡು ಜಗಲಿಯ ಮೇಲೆ ಒರಗಿದೆ. ಆತಿಥೇಯರು ಗಾಬರಿಯಾಗಿ ಬಂದರು.

‘ಏನ್ ಸಾರ್, ಹುಷಾರಿಲ್ವಾ?’

‘ಚೆನ್ನಾಗಿದೀನಿ. ಸುಮ್ನೆ ಮಲಗಿದೀನಿ.’

‘ಫಾಲ್ಸಿಗೆ ಜೀಪ್ ರೆಡಿ ಇದೆ. ಮುಳ್ಳಯ್ಯನಗಿರಿನಾದ್ರೂ ನೋಡ್ಬೇಕಿತ್ತು. ಕರ್ನಾಟಕದಲ್ಲೇ ಎತ್ತರದ್ದು, 1,930 ಮೀಟರು.’

‘ಅದು ಎಲ್ಲಿಗೂ ಹೋಗಲ್ಲವಲ್ಲ.’

ಅವರು ಪಕ್ಕದಲ್ಲಿ ಕೂತರು. ನಿಮಗೂ ರಜೆಗಿಜೆ ಇರುತ್ತದೆಯೇ ಎಂದು ವಿಚಾರಿಸಿದೆ. ‘ಎಲ್ಲಿ ಸಾರ್! ಮಳೆಗಾಲದಲ್ಲಿ ಸ್ವಲ್ಪ ಬಿಡುವಾದ್ರೆ ಬೆಂಗಳೂರಿಗೆ ಹೋಗ್ಬೇಕು ಅಂತ ಮಕ್ಕಳು ಪ್ರಾಣ ತಿಂತಾರೆ. ಮೆಟ್ರೋದಲ್ಲಿ ಈ ತುದಿಯಿಂದ ಆ ತುದಿಗೆ ಹೋಗಬೇಕಂತೆ, ಮಾಲ್‌ನಲ್ಲಿ ಎಸ್ಕಲೇಟರ್ ಹತ್ತಬೇಕಂತೆ.’ ನಾನು ದಿನವೂ ಒಂಟಿಕಾಲಿನಲ್ಲಿ ನಿಂತು ಹೋಗುವ ಮೆಟ್ರೋ ಅವರ ಮಕ್ಕಳ ಕನಸಿನಲ್ಲಿ ಓಡಾಡುತ್ತಿತ್ತು. ಕೀಲಿಕೈ ಅದಲುಬದಲು ಮಾಡಿಕೊಂಡರೆ ಇಬ್ಬರಿಗೂ ಖರ್ಚು ಉಳಿಯುತ್ತದಲ್ಲ ಎಂದೆ. ಅವರು ನಕ್ಕರು, ಬಿಲ್ಲಿನಲ್ಲಿ ಮಾತ್ರ ಏನೂ ಕಡಿಮೆ ಮಾಡಲಿಲ್ಲ.

ಈ ಎಲ್ಲ ವ್ಯವಹಾರವನ್ನೂ ಮಾವನವರು ಒಪ್ಪುವುದಿಲ್ಲ. ದುಡ್ಡು ಕೊಟ್ಟು ಅಪರಿಚಿತರ ಮನೆಯಲ್ಲಿ ಉಣ್ಣುವುದು ನಂಟರಿಗೆ ಮಾಡುವ ಅವಮಾನ ಎಂಬುದು ಅವರ ಮತ. ಅವರ ಪ್ರಶ್ನೆ ಒಂದೇ: ‘ಅಲ್ಲಿ ನಮ್ಮವರು ಯಾರಿದ್ದಾರೆ?’ ಯಾರೂ ಇಲ್ಲವೆಂದರೆ ಆ ಊರು ನೋಡಲು ಯೋಗ್ಯವಲ್ಲ. ಆದರೆ ಅವರಿಗೆ ಯಾರೂ ಇಲ್ಲದ ಊರು ಸಿಗುವುದೇ ಕಷ್ಟ. ಸಾಗರದಲ್ಲಿ ತಮ್ಮ ಷಡ್ಡಕನ ತಂಗಿಯ ನಾದಿನಿ ಇದ್ದಾರೆಂದು ಅವರು ಫೋನಿನಲ್ಲಿ ಅರ್ಧ ಗಂಟೆಯೊಳಗೆ ಪತ್ತೆ ಮಾಡಿದ್ದರು. ಆ ಪುಣ್ಯಾತಗಿತ್ತಿ ನಮ್ಮನ್ನು ಹಿಂದೆಂದೂ ಕಂಡವರಲ್ಲ, ಆದರೂ ಹಲಸಿನ ಹಣ್ಣಿನ ಕಡುಬು ಮಾಡಿ ಹಾಕಿದರು. ಜಗಲಿ ಇತ್ತು, ಆ್ಯಕ್ಟಿವಿಟಿಯ ಬೋರ್ಡು ಇರಲಿಲ್ಲ. ನೆಮ್ಮದಿಯಾಗಿ ಮಲಗಿದೆ. ಈ ವಿಷಯದಲ್ಲಿ ಮಾವನವರ ಪ್ರಶ್ನೆಯೇ ಎಲ್ಲರದಕ್ಕಿಂತ ಸರಿ ಎಂದು ನನ್ನ ತೀರ್ಪು.

ಕುಮಟಾ, ಅಂಕೋಲಾ, ಕಾರವಾರದ ಕಡೆ ನಮಗೆ ಇನ್ನೂ ಯಾರೂ ಸಿಕ್ಕಿಲ್ಲ. ಆ ಸೀಮೆಯಲ್ಲಿ ಜಗಲಿ ಇರುವ ಮನೆಯ ಓದುಗರು ಯಾರಾದರೂ ಇದ್ದರೆ ದಯವಿಟ್ಟು ಒಂದು ಮಾತು ತಿಳಿಸಿ. ಊರಿಗೆ ಸರ್ಕಾರಿ ಸಾಮಾನ್ಯ ಬಸ್ಸು ಬರುತ್ತದೆಯೇ, ಹತ್ತಿರ ಯಾವ ದೇವಸ್ಥಾನ ಇದೆ ಎಂದು ಬರೆದರೆ ಸಾಕು. ಸಂಬಂಧವನ್ನು ಮಾವನವರು ಹುಡುಕಿಕೊಳ್ಳುತ್ತಾರೆ.