ದ್ವಿಕರ್ಣ ಸಿದ್ಧಾಂತ, ಅಥವಾ ಸೇಡಂ ಸೀಮೆಯ ಪಿಚ್ಚರ್ ಮಂದಿಗೆ ಕಿವಿ ಎಷ್ಟು?

ಮನುಷ್ಯನಿಗೆ ಕಿವಿ ಎರಡು, ಒಂದು ಎಡಕ್ಕೆ, ಒಂದು ಬಲಕ್ಕೆ ಎಂಬುದು ಲೋಕರೂಢಿ. ಈ ವಿಂಗಡಣೆ ತೀರ ಸ್ಥೂಲವಾದದ್ದು ಎಂದೂ, ಕಿವಿಗಳನ್ನು ವಿಂಗಡಿಸಬೇಕಾದ್ದು ದಿಕ್ಕಿನಿಂದಲ್ಲ, ದುಡ್ಡಿನಿಂದ ಎಂದೂ ಸ್ಥಾಪಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ. ಅಧ್ಯಯನದ ಕ್ಷೇತ್ರ: ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಕಾಲವ್ಯಾಪ್ತಿ: ಸಾಮ್ರಾಟ ಅಶೋಕನಿಂದ ಮೊದಲ್ಗೊಂಡು ಸೆಕೆಂಡ್ ಶೋ ಬಿಡುವವರೆಗೆ.

ಈ ಸೀಮೆಯೇ ಏಕೆ ಎಂದು ಪರೀಕ್ಷಕರು ಕೇಳುವುದು ಖಚಿತ. ಸದ್ದಿನ ವಿಷಯದಲ್ಲಿ ನಾವು ಅನುಭವಸ್ಥರು. ನೆಲದ ಕೆಳಗೆಲ್ಲ ಸುಣ್ಣಕಲ್ಲು, ಹಾಗಾಗಿ ನೆಲದ ಮೇಲೆ ಸಿಮೆಂಟ್ ಕಾರ್ಖಾನೆ. ಶಹಾಬಾದಿನಲ್ಲಿ ಫರ್ಸಿ ಕೊಯ್ಯುವ ಕಟರು. ವಾಡಿಯಲ್ಲಿ, 1874ರಲ್ಲಿ ನಿಜಾಮನ ರೈಲು ಸಿಕಂದರಾಬಾದಿನಿಂದ ಬಂದು ಮುಂಬೈ–ಮದರಾಸು ಹಳಿಗೆ ಕೂಡಿದಾಗಿನಿಂದ, ಹಗಲೂ ರಾತ್ರಿಯೂ ಇಂಜಿನ್ನಿನ ಕೂಗು. ಇವೆಲ್ಲಕ್ಕೂ ಅರಸ ಎಂದರೆ ಬಾಲ್ ಮಿಲ್ಲು. ಅದರ ಉಕ್ಕಿನ ಹೊಟ್ಟೆಯೊಳಗೆ ಉಕ್ಕಿನ ಗುಂಡುಗಳು ಉರುಳುತ್ತ ಕ್ಲಿಂಕರನ್ನು ಅರೆಯುವಾಗ ಪಕ್ಕದಲ್ಲಿ ನಿಂತವನಿಗೆ ನೂರು ಡೆಸಿಬಲ್ ಸಲೀಸಾಗಿ ಸಿಗುತ್ತದೆ. ಅಲ್ಲಿ ಮಾತು ನಡೆಯುವುದಿಲ್ಲ, ಕೈಸನ್ನೆಯೇ ವ್ಯಾಕರಣ.

ಈಗ ಆ ಮಿಲ್ಲಿನ ಪಕ್ಕ ನಿಂತವನ ಕಿವಿಯನ್ನು ಹತ್ತಿರದಿಂದ ನೋಡೋಣ. ಅದರೊಳಗೆ ಹಳದಿ ಬಣ್ಣದ ಮೆತ್ತನೆಯ ಪ್ಲಗ್ಗು ಇದೆ. ಅವನ ತಲೆಯ ಮೇಲೆ, ಕಿವಿ ಕಾಪಾಡಿಕೊಳ್ಳಿರಿ ಎಂಬ ಬೋರ್ಡು. ಆ ಬೋರ್ಡಿನ ಹಿಂದೆ ಕಾರ್ಖಾನೆ ನಿಯಮಗಳ ಕೋಷ್ಟಕ: 90 ಡೆಸಿಬಲ್ಲಿಗೆ ದಿನಕ್ಕೆ 8 ತಾಸು, 95ಕ್ಕೆ 4, 100ಕ್ಕೆ 2, 105ಕ್ಕೆ ಒಂದೇ ತಾಸು, 115ಕ್ಕೆ ಕಾಲು ತಾಸು, ಅದರಾಚೆ ಬರಿಗಿವಿಯವನಿಗೆ ಪ್ರವೇಶವಿಲ್ಲ. 1948ರ ಕಾರ್ಖಾನೆ ಕಾಯ್ದೆ ತನ್ನ ರೋಗಗಳ ಪಟ್ಟಿಯಲ್ಲಿ ಸದ್ದಿನಿಂದ ಬರುವ ಕಿವುಡನ್ನೂ ಸೇರಿಸಿಕೊಂಡಿತ್ತು. ಕಾರ್ಮಿಕ ಪರಿಹಾರದ ಕಾನೂನಿನಲ್ಲೂ ಅದಕ್ಕೊಂದು ಸಾಲು ಮೀಸಲು. ಇಷ್ಟು ಮರ್ಯಾದೆ ಪಡೆಯುವ ಈ ಅಂಗಕ್ಕೆ ನಾವು ‘ವೇತನಕರ್ಣ’ ಎಂದು ಹೆಸರಿಡುತ್ತೇವೆ.

ಶಿಫ್ಟು ಮುಗಿಯಿತು. ಪ್ಲಗ್ಗು ಡಬ್ಬಿಗೆ ಹೋಯಿತು. ಮನುಷ್ಯ ಮನೆಗೆ ಬಂದು, ಮೈಮೇಲಿನ ಬೂದು ತೊಳೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಂಡತಿ ಮಕ್ಕಳೊಂದಿಗೆ ಫಸ್ಟ್ ಶೋಗೆ ಹೋದ. ಗೇಟಿನಲ್ಲಿ ಟಿಕೆಟ್ ಹರಿದ ಕ್ಷಣದಲ್ಲಿ ಅವನ ತಲೆಯ ಎರಡೂ ಬದಿಗೆ ಒಂದು ರೂಪಾಂತರ ಜರುಗುತ್ತದೆ. ವೇತನಕರ್ಣ ಮಾಯವಾಗಿ ಅದೇ ಜಾಗದಲ್ಲಿ ‘ಟಿಕೆಟ್‌ಕರ್ಣ’ ಪ್ರತ್ಯಕ್ಷವಾಗುತ್ತದೆ. ಲಕ್ಷಣ ಹೀಗೆ: ಸಂಬಳ ಪಡೆದು ಕೇಳುವುದು ವೇತನಕರ್ಣ, ಕಾಸು ಕೊಟ್ಟು ಕೇಳುವುದು ಟಿಕೆಟ್‌ಕರ್ಣ. ಮೊದಲನೆಯದು ಕೆಡುವಂಥದ್ದು. ಎರಡನೆಯದು ಕೆಡುವುದಿಲ್ಲ, ಏಕೆಂದರೆ ಕೆಟ್ಟರೂ ಬರೆದಿಡಲು ಯಾವ ಕಚೇರಿಯಲ್ಲೂ ರಿಜಿಸ್ಟರಿಲ್ಲ.

ಪೂರ್ವಪಕ್ಷ: ಕಿವಿಯ ಡಾಕ್ಟರುಗಳು ಇದನ್ನು ಒಪ್ಪುವುದಿಲ್ಲ. ಒಳಗಿವಿಯ ಬಸವನಹುಳುವಿನಲ್ಲಿ ಸುಮಾರು 15 ಸಾವಿರ ರೋಮಕೋಶಗಳಿವೆ, ಹುಟ್ಟಿನಲ್ಲಿ ಬಂದಷ್ಟೇ ಕೊನೆಯವರೆಗೂ, ಸತ್ತ ಕೋಶ ಮತ್ತೆ ಮೊಳೆಯುವುದಿಲ್ಲ, ಆ ಕೋಶಕ್ಕೆ ಹಾಜರಿ ಪುಸ್ತಕಕ್ಕೂ ಟಿಕೆಟ್ಟಿಗೂ ವ್ಯತ್ಯಾಸ ತಿಳಿಯದು ಎನ್ನುತ್ತಾರೆ ಅವರು. ಮೂರು ಡೆಸಿಬಲ್ ಏರಿದರೆ ಸದ್ದಿನ ಶಕ್ತಿ ಇಮ್ಮಡಿ ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಕಿವಿಗೆ ವಾರಕ್ಕೆ 80 ಡೆಸಿಬಲ್ಲಿನ 40 ತಾಸು ಮಾತ್ರ ಪಡಿ. ಬಾಲ್ ಮಿಲ್ಲು ಉಂಡು ಬಿಟ್ಟ ಮೇಲೆ ಪಿಚ್ಚರಿಗೆ ಏನು ಉಳಿಯಿತು ಎಂದೂ ಕೇಳುತ್ತಾರೆ.

ಸಮಾಧಾನ: ಇದು ಬರಿಯ ಶರೀರಶಾಸ್ತ್ರ, ನಾವು ಆಧರಿಸುವುದು ಧರ್ಮಶಾಸ್ತ್ರವನ್ನು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳನ್ನು ತೆಗೆದು ನೋಡಿ. ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕಕ್ಕೆ ತಡೆ, ಸಭಾಂಗಣದಂಥ ಮುಚ್ಚಿದ ಜಾಗಗಳ ಹೊರತು. ಅಂದರೆ ಟಾಕೀಸಿನ ಗೋಡೆಗೆ ಬೆನ್ನು ಹಚ್ಚಿ ಮಲಗಿದ ಎಮ್ಮೆಯ ನಿದ್ದೆಯನ್ನು ಕಾನೂನು ಕಾಯುತ್ತದೆ. ಗೋಡೆಯ ಈಚೆ ಕುಳಿತವನನ್ನು ಅವನ ಪುಣ್ಯಕ್ಕೆ ಬಿಡುತ್ತದೆ. ಟಿಕೆಟ್‌ಕರ್ಣ ಬೇರೆ ಜಾತಿಯ ಅಂಗ ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ?

ಅದು ಕೆಡುವುದೇ ಇಲ್ಲ ಎಂದೆವು. ಕೆಡುವಂತೆ ತೋರುವುದೆಲ್ಲ ವಾಸ್ತವದಲ್ಲಿ ವ್ಯಾಕರಣ. ಏಳನೆಯ ಇಯತ್ತೆಯ ಹುಡುಗನೂ ಬಲ್ಲ ಮೂರು ಕನ್ನಡ ಸಂಧಿಗಳು ಇಲ್ಲಿ ಕ್ರಮವಾಗಿ ಘಟಿಸುತ್ತವೆ. ಮೊದಲು ಲೋಪ: ಸದ್ದಿನ ಏಟು ಮೊದಲು ಬೀಳುವುದು 4000 ಹರ್ಟ್ಸ್ ಆಸುಪಾಸಿನ ಎತ್ತರದ ನಾದಗಳಿಗೆ, ಹಾಗಾಗಿ ಸ, ಶ ಮೊದಲಾದ ಸಣ್ಣ ಸದ್ದಿನ ವ್ಯಂಜನಗಳು ಜಾರಿಹೋಗುತ್ತವೆ, ಸ್ವರಗಳು ಉಳಿಯುತ್ತವೆ. ಆಮೇಲೆ ಆಗಮ: ಎರಡು ಸ್ವರಗಳ ನಡುವೆ ಯಕಾರ ವಕಾರ ಬರುವ ಹಾಗೆ, ಎರಡು ಮೌನಗಳ ನಡುವೆ ‘ಗುಂಯ್’ಕಾರ ಬಂದು ಕೂರುತ್ತದೆ. ಮೊದಮೊದಲು ಮುಂಜಾನೆಯೊಳಗೆ ಎದ್ದು ಹೋಗುತ್ತದೆ, ಹೋಯಿತಲ್ಲ ಎಂದು ನಾವು ಮುಂದಿನ ಪಿಚ್ಚರಿಗೆ ಹೋಗುತ್ತೇವೆ, ಕೊನೆಗೆ ಅದು ಖಾಯಂ ಆಗಿ ಉಳಿದುಬಿಡುತ್ತದೆ. ಕಡೆಗೆ ಆದೇಶ: ಮನೆಯವರು ಸಕ್ರಿ ತಗೊಂಡ್ ಬರ್ರಿ ಅಂದರೆ ಯಜಮಾನರು ಅಕ್ಕಿ ಹೊತ್ತು ತರುತ್ತಾರೆ. ಕಿರಾಣಿ ಅಂಗಡಿಯವನು ಈ ಸಂಧಿಗೆ ವಿರೋಧಿಯಲ್ಲ.

ಇನ್ನು ದಾಯಭಾಗ. ಶಹಾಬಾದಿನ ಹತ್ತಿರದ ಮರತೂರು ಮಿತಾಕ್ಷರದ ಕರ್ತೃ ವಿಜ್ಞಾನೇಶ್ವರನ ಊರೆಂದು ಪ್ರತೀತಿ. ಪಿತ್ರಾರ್ಜಿತದಲ್ಲಿ ಮಗನಿಗೆ ಹಕ್ಕು ಬರುವುದು ಅಪ್ಪ ಸತ್ತ ಮೇಲಲ್ಲ, ಹುಟ್ಟಿದೊಡನೆಯೇ ಎಂದು ಆತ ಸಾಧಿಸಿದ. ಒಂಬತ್ತು ಶತಮಾನಗಳ ಮೇಲೂ ಈ ತತ್ತ್ವ ಅದರ ತವರಿನಲ್ಲಿ ಹೇಗೆ ಜೀವಂತವಾಗಿದೆ ಎಂಬುದನ್ನು ಯಾವುದೇ ಭಾನುವಾರದ ಶೋದಲ್ಲಿ ನೋಡಬಹುದು. ಹಲ್ಲು ಬಾರದ ಕೂಸು ತಾಯಿಯ ತೊಡೆಯ ಮೇಲೆ ಮಲಗಿಯೇ ಅಪ್ಪನ ಡೆಸಿಬಲ್ಲಿನಲ್ಲಿ ಪಾಲು ಪಡೆಯುತ್ತಿರುತ್ತದೆ. ಹೀರೋ ಬಾಗಿಲು ಒದ್ದು ಬಂದಾಗ ಅದು ಬೆಚ್ಚಿ ಕೈಕಾಲು ಅಗಲಿಸುತ್ತದೆ, ಅಳುತ್ತದೆ, ಅಳು ಯಾರಿಗೂ ಕೇಳುವುದಿಲ್ಲ. ಹೊಲವಾದರೆ ಪಾಲು ಮಾಡಿದಷ್ಟೂ ತುಂಡಾಗುತ್ತದೆ. ಈ ಆಸ್ತಿ ಮಾತ್ರ ಎಷ್ಟು ಮಂದಿ ದಾಯಾದಿಗಳಿದ್ದರೂ ಪ್ರತಿಯೊಬ್ಬನಿಗೂ ಇಡಿಯಾಗಿ ಬರುತ್ತದೆ. ಮೇಲಾಗಿ ಹಳೆಯ ಟಾಕೀಸುಗಳಲ್ಲಿ ಅಗ್ಗದ ಬೆಂಚು ಪರದೆಗೆ, ಅಂದರೆ ಅದರ ಹಿಂದಿನ ಸ್ಪೀಕರಿಗೆ, ಎಲ್ಲಕ್ಕಿಂತ ಹತ್ತಿರ. ಕಡಿಮೆ ಕೊಟ್ಟವನಿಗೆ ಹೆಚ್ಚು ಸಿಗುವ ವಸ್ತು ಈ ದೇಶದಲ್ಲಿ ಇದೊಂದೇ ಎಂದು ಅರ್ಥಶಾಸ್ತ್ರದವರು ಗಮನಿಸಬೇಕು.

ಗಣಿತದ ಬೆಂಬಲವೂ ಸ್ಥಳೀಯವೇ. ಸೇಡಂ ತಾಲ್ಲೂಕಿನ ಮಳಖೇಡವನ್ನು ರಾಜಧಾನಿ ಮಾಡಿಕೊಂಡಿದ್ದ ಅಮೋಘವರ್ಷನನ್ನು ಹೊಗಳಿಯೇ ಮಹಾವೀರಾಚಾರ್ಯ 9ನೇ ಶತಮಾನದಲ್ಲಿ ಗಣಿತಸಾರಸಂಗ್ರಹ ಶುರು ಮಾಡಿದ. ಯಾವ ಸಂಖ್ಯೆಯನ್ನಾದರೂ ಸೊನ್ನೆಯಿಂದ ಭಾಗಿಸಿದರೆ ಅದು ಬದಲಾಗದೆ ಹಾಗೇ ಉಳಿಯುತ್ತದೆ ಎಂದು ಆತ ಬರೆದಿದ್ದಾನೆ. ತಪ್ಪು ಎಂದು ಮುಂದಿನ ಗಣಿತಜ್ಞರು ಹೇಳಿದರು. ಅವರು ಟಾಕೀಸಿಗೆ ಹೋದವರಲ್ಲ. ಹಾಲಿನ ಸದ್ದನ್ನು, ಅದನ್ನು ಮೀಟರು ಹಿಡಿದು ಅಳೆಯಲು ಬಂದ ಅಧಿಕಾರಿಗಳ ಸಂಖ್ಯೆಯಿಂದ ಭಾಗಿಸಿ ನೋಡಿ. ಆ ಸಂಖ್ಯೆ ಸೊನ್ನೆಯಾದಾಗಲೆಲ್ಲ ಆಚಾರ್ಯರ ಮಾತು ಅಕ್ಷರಶಃ ನಿಜ.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ವಿಷಯ ಬೇಗ ಮುಗಿಸುತ್ತೇನೆ. ಅಲ್ಲಿ ಸಿಕ್ಕ ಅಶೋಕನ ಶಾಸನಗಳಲ್ಲಿ ಹನ್ನೆರಡನೆಯದೂ ಇದೆ. ನಾಲಗೆಗೆ ಕಡಿವಾಣ ಹಾಕಿಕೊಳ್ಳಿ ಎಂಬುದು ಅದರ ತಿರುಳು. ನಮ್ಮವರು ಆ ಕಲ್ಲನ್ನು ದೇವಿಯ ಪೀಠವಾಗಿ ಬಳಸಿಕೊಂಡಿದ್ದರು. ಸದ್ದು ಕಡಿಮೆ ಮಾಡಿ ಎಂಬ ಸರ್ಕಾರಿ ಆದೇಶದ ಮೇಲೆ ಏನನ್ನಾದರೂ ಕೂರಿಸುವ ಪದ್ಧತಿ ಅಷ್ಟು ಹಳೆಯದು.

ಕ್ಷೇತ್ರಕಾರ್ಯಕ್ಕೆಂದು ಒಂದು ಟಾಕೀಸಿನ ಪ್ರೊಜೆಕ್ಟರ್ ರೂಮಿಗೆ ಹತ್ತಿದೆ. ಗೋಡೆಯ ರ‍್ಯಾಕಿನಲ್ಲಿ ಸೌಂಡ್ ಪ್ರೊಸೆಸರು, ಅದರ ಮೇಲೊಂದು ಗುಂಡಿ, ಪಕ್ಕದಲ್ಲಿ ಕೆಂಪು ಅಂಕಿ. ಈ ಅಂಕಿಗೆ ಜಗತ್ತೆಲ್ಲ ಒಪ್ಪಿದ ಅರ್ಥವಿದೆ: ಡಾಲ್ಬಿಯವರ ಪದ್ಧತಿಯಲ್ಲಿ 7 ಎಂದರೆ ಪರೀಕ್ಷೆಯ ಸದ್ದು ಸೀಟಿನ ಹತ್ತಿರ 85 ಡೆಸಿಬಲ್ ಬರಬೇಕು. ಪರದೆಯ ಹಿಂದಿನ ಒಂದೊಂದು ಸ್ಪೀಕರೂ ಗುಡುಗುವಾಗ 105ರವರೆಗೆ ಏರಬಹುದು, ತಳದ ಗುಡುಗಿಗೆಂದೇ ಇರುವುದು 115ರವರೆಗೆ. ಸಿನಿಮಾ ಮಾಡುವವರು ಇದೇ 7ನ್ನು ನಂಬಿ ಮಿಕ್ಸಿಂಗ್ ಮಾಡಬೇಕು. ಆದರೆ ಸದ್ದು ವಿಪರೀತವಾಯಿತೆಂದು ಟಾಕೀಸಿನವರು 5ಕ್ಕೆ ಇಳಿಸುತ್ತಾರೆ. 5ರಲ್ಲೇ ಓಡಿಸುತ್ತಾರೆಂದು ಗೊತ್ತಾಗಿ ಮಿಕ್ಸಿಂಗಿನವರು ಇನ್ನಷ್ಟು ತುಂಬುತ್ತಾರೆ. ಬಾಂಬು ತುಂಬಿದಷ್ಟೂ ಮಾತು ಮುಳುಗುತ್ತದೆ, ಮಾತು ಕೇಳಿಸಲಿಲ್ಲವೆಂದು ಕೆಳಗಿನಿಂದ ಸೌಂಡ್, ಸೌಂಡ್ ಎಂಬ ಕೂಗು ಏಳುತ್ತದೆ, ಗುಂಡಿ ಮತ್ತೆ ಮೇಲೆ. 2024ರ ನವೆಂಬರಿನಲ್ಲಿ ತಮಿಳಿನ ‘ಕಂಗುವ’ ಬಿಡುಗಡೆಯಾದಾಗ ದೂರು ಎಷ್ಟು ಬಂತೆಂದರೆ, ನಿರ್ಮಾಪಕರೇ ಟಾಕೀಸಿನವರಿಗೆ ಎರಡು ಪಾಯಿಂಟು ಇಳಿಸಿರಿ ಎಂದು ಹೇಳಬೇಕಾಯಿತು. ಆಸ್ಕರ್ ಪಡೆದ ಧ್ವನಿತಜ್ಞ ರಸೂಲ್ ಪೂಕುಟ್ಟಿ ಬಹಿರಂಗವಾಗಿ ಹಳಹಳಿಸಿದರು. ಕೋಟಿಗಟ್ಟಲೆ ಸುರಿದು ಸದ್ದು ತಯಾರಿಸಿ, ಆಮೇಲೆ ಕೈಮುಗಿದು ಅದನ್ನು ಕಡಿಮೆ ಮಾಡಿಸುವ ಉದ್ಯಮ ಇನ್ನೊಂದಿದ್ದರೆ ಓದುಗರು ತಿಳಿಸಬೇಕು.

“ಅಣ್ಣಾ, ಜರಾ ಕಮ್ಮಿ ಮಾಡಬಾರದೇನು?” ಎಂದು ಆಪರೇಟರನನ್ನು ಕೇಳಿದೆ.

“ಕಮ್ಮಿ ಮಾಡಿದ್ರ ಮಂದಿ ಬೈತಾರ್ರಿ. ಜಾಸ್ತಿ ಮಾಡಿದ್ರ ನಿಮ್ಮಂಥವ್ರು ಒಬ್ಬರು ಬೈತೀರಿ. ಮಂದಿ ಜಾಸ್ತಿ ಇದ್ದಾರ.”

ಅವನ ಕಿವಿಯಲ್ಲಿ ಹತ್ತಿ ಇತ್ತು. ಥಂಡಿಗೋ ಏನೋ, ಕೇಳಲಿಲ್ಲ.

ಇಷ್ಟು ಪ್ರಮಾಣಗಳನ್ನು ಕಲೆಹಾಕಿದ ಮೇಲೆ ಪರಿಹಾರ ತಾನಾಗಿ ಹೊಳೆಯುತ್ತದೆ. ಟಿಕೆಟ್‌ಕರ್ಣವನ್ನು ಕಾಪಾಡುವ ಕಾನೂನಿಲ್ಲವಾದರೆ ಅದನ್ನು ವೇತನಕರ್ಣವನ್ನಾಗಿ ಪರಿವರ್ತಿಸಬೇಕು. ಟಾಕೀಸನ್ನು ಕಾರ್ಖಾನೆಯೆಂದು ಘೋಷಿಸುವುದು, ಅಷ್ಟೆ. ಪ್ರೇಕ್ಷಕ ಬಂದೊಡನೆ ಹಾಜರಿ, ಗೇಟಿನಲ್ಲೇ ಪ್ಲಗ್ಗು, 115 ದಾಟಿದರೆ ಸೈರನ್ನು. ಮೂರು ತಾಸು ಮೀರಿದ ಪಿಚ್ಚರಿಗೆ ಓವರ್‌ಟೈಮು, ದೀಪಾವಳಿ ಬಿಡುಗಡೆಗೆ ಬೋನಸ್ಸು. ಹಳೆಯ ಕಾರ್ಖಾನೆ ಕಾಯ್ದೆಯ ಪ್ರಕಾರ 250 ಮಂದಿಗಿಂತ ಹೆಚ್ಚು ದುಡಿಯುವಲ್ಲಿ ಕ್ಯಾಂಟೀನು ಇಡಬೇಕಿತ್ತು, ಹಾಗಾಗಿ ಹೌಸ್‌ಫುಲ್ ದಿನ ಸಮೋಸ ಕಾರ್ಖಾನೆ ದರದಲ್ಲಿ.

ಪ್ರಬಂಧದ ಈ ಭಾಗವನ್ನು ಶಹಾಬಾದಿನ ಒಬ್ಬ ಟಾಕೀಸ್ ಮ್ಯಾನೇಜರರಿಗೆ ಓದಿ ಹೇಳಿದೆ. ಕಿವುಡು, ರೋಮಕೋಶ, ಮಿತಾಕ್ಷರ ಎಲ್ಲವನ್ನೂ ತಲೆದೂಗುತ್ತ ಕೇಳಿದವರು ಸಮೋಸಕ್ಕೆ ಬಂದಾಗ ಕುರ್ಚಿ ಬಿಟ್ಟು ಎದ್ದರು.

“ಸೌಂಡ್ ಬೇಕಾದ್ರ ನಾಳಿಂದ 4ಕ್ಕ ಇಡಸ್ತೀನ್ರಿ. ಸಮೋಸದ ಸುದ್ದಿ ಮಾತ್ರ ಹೊರಗ ಯಾರ ಮುಂದೂ ಎತ್ತಬ್ಯಾಡ್ರಿ.”